ಒಂದೇ ಉಸಿರಿನ ಪರೀಕ್ಷೆ

ಆಗಸ್ಟ್ 6

ಅಕ್ಕ,

ನಾಲ್ಕು ದಿನದಿಂದ ನನ್ನ ಫೋನ್ ಸ್ವಿಚ್ ಆಫ್ ಬರುತ್ತಿದೆ ಎಂದು ನೀನು ಹಾಸ್ಟೆಲ್ ಆಫೀಸಿಗೆ ಫೋನ್ ಮಾಡಿ ಕ್ಲಾರ್ಕನ ಜೀವ ತಿಂದೆಯಂತೆ. ಸ್ವಿಚ್ ಆಫ್ ಅಲ್ಲ, ಫೋನೇ ಇಲ್ಲ. ಸುತ್ತಿಗೆಯಿಂದ ಒಡೆದುಹಾಕಿದೆ. ನಾನೇ, ನನ್ನ ಕೈಯಾರೆ. ಮೊದಲ ಏಟಿಗೆ ಗಾಜು, ಎರಡನೆಯದಕ್ಕೆ ಬೆನ್ನು, ಮೂರನೆಯದಕ್ಕೆ ಬ್ಯಾಟರಿ ಬುಸ್ಸೆಂದು ಹೊಗೆ ಬಿಟ್ಟಿತು. ಹನ್ನೊಂದು ಜನ, ಹನ್ನೊಂದು ಫೋನ್. ಲೋಕದ ಕೊನೆಯ ದಿನಗಳಲ್ಲಿ, ಬೈಬಲಿನಲ್ಲಿರುವ ಹಾಗೆ, ಸೈತಾನನ ಮೃಗದ ಗುರುತು ಹಣೆಗೆ ಬೀಳುವ ಮೊದಲು ಕೈಗೆ ಬೀಳುತ್ತದೆ, ಆ ಕೈಯಲ್ಲಿ ಈಗ ಏನಿದೆ ನೋಡಿಕೊಳ್ಳಿ ಎಂದರು ನಮ್ಮ ಪ್ರಾರ್ಥನೆಯ ಗುಂಪಿನ ಜರಡಿ ಅಣ್ಣ. ಅದಕ್ಕೇ ಈ ಕಾಗದ.

ನೀನು ಬೈಯುವ ಮೊದಲು ಪೂರ್ತಿ ಓದು, ಪ್ಲೀಸ್.

ಮೊದಲ ವಾರ ಸೀನಿಯರ್‌ಗಳು ಮೆಸ್ಸಿನ ಟೇಬಲ್ ಮೇಲೆ ಒಬ್ಬೊಬ್ಬರನ್ನೇ ಹತ್ತಿಸಿ ಹೆಸರು ಹೇಳಿಸಿದರು. ತುಟಿ ಮುಚ್ಚಿ ಹೇಳುವ ಅಕ್ಷರಗಳು ನನಗೆ ಹೇಗೆ ಅಂತ ನಿನಗೆ ಗೊತ್ತಲ್ಲ. ನನ್ನ ಹೆಸರು ಶುರುವಾಗುವುದೇ ಅಲ್ಲಿಂದ. ತುಟಿ ಮುಚ್ಚಿತು, ತೆರೆಯಲೇ ಇಲ್ಲ. “ಏನೋ, ನಾಲಗೆ ಮನೇಲಿಟ್ಟು ಬಂದ್ಯಾ?” ಎಂದು ಒಬ್ಬ ಸ್ಟೀಲ್ ತಟ್ಟೆಯನ್ನು ಮುಖಕ್ಕೆ ಬೀಸಿದ. ಮೇಲ್ದುಟಿ ಸೀಳಿತು. ಎರಡನೇ ಸಲ ಎತ್ತಿದಾಗ, ಬಾಗಿಲಲ್ಲಿ ನಿಂತಿದ್ದ ಕೊನೇ ವರ್ಷದವರೊಬ್ಬರು ನೀರಿನ ಜಗ್ ತೆಗೆದುಕೊಂಡು ಅವನ ಬಾಯಿಗೇ ಬಾರಿಸಿದರು. ಎರಡು ಹಲ್ಲು ನೆಲದ ಮೇಲೆ ಗೋಲಿಯ ಹಾಗೆ ಉರುಳಿದವು. ಅವರೇ ಜರಡಿ ಅಣ್ಣ. “ಇವನು ಮೌನದ ಹರಕೆ ಹೊತ್ತವನು. ಗೊತ್ತಾಗಲ್ವಾ ನಿಮಗೆ?” ಎಂದರು.

ನಾನು ತಲೆ ಆಡಿಸಿದೆ. ಅಷ್ಟೇ ಅಕ್ಕ. ಸುಳ್ಳು ಹೇಳಲಿಲ್ಲ, ಬಾಯೇ ತೆರೆದಿಲ್ಲವಲ್ಲ.

ಅವರಿಗೆ ಜರಡಿ ಅಂತ ಹೆಸರು ಯಾಕೆಂದರೆ, ಕೊನೆಯ ಕಾಲದಲ್ಲಿ ಮೋಸ ಬರುವುದು ಕತ್ತಲೆಯ ವೇಷದಲ್ಲಲ್ಲ, ಬೆಳಕಿನ ವೇಷದಲ್ಲಿ. ಆರಿಸಿಕೊಂಡವರೂ ಬಲೆಗೆ ಬೀಳುತ್ತಾರೆ. ಕಾಳು ಯಾವುದು, ಹೊಟ್ಟು ಯಾವುದು ಅಂತ ಜರಡಿ ಹಿಡಿಯುವವರು ಬೇಕು. ಹಾಸ್ಟೆಲ್ ಹಿಂದಿನ ಹಳೇ ಬಾಯ್ಲರ್ ರೂಮಿನಲ್ಲಿ ಕೂಡುತ್ತೇವೆ. ಅಲ್ಲಿ ನಾನು ಹಾಡುತ್ತೇನೆ, ದೇವರ ಹಾಡಿಗೆ ಹರಕೆ ಅಡ್ಡಿಯಿಲ್ಲವಂತೆ. ಹಾಡುವಾಗ ನನಗೆ ತೊದಲು ಇಲ್ಲ ಅಂತ ನಿನಗೆ ಗೊತ್ತು. ತೊದಲು ಇದೆ ಅಂತಲೇ ಅವರಿಗೆ ಗೊತ್ತಿಲ್ಲ.

ನನ್ನ ಮಾತು ಕೇಳಿರುವವನು ರೂಮ್‌ಮೇಟ್ ಒಬ್ಬನೇ. ಅಡ್ಮಿಶನ್ ದಿನ ನಿನ್ನ ಕೈಯಿಂದ ನನ್ನ ಟ್ರಂಕ್ ಎತ್ತಿಕೊಂಡನಲ್ಲ, ಅವನು. ಗೊರಕೆ ಅಂತಲೇ ಎಲ್ಲರೂ ಕರೆಯುತ್ತಾರೆ. ಕಿಟಕಿ ನಡುಗುತ್ತದೆ ಅಕ್ಕ, ನಿಜವಾಗಿ.

ಅಮ್ಮನಿಗೆ ಸುತ್ತಿಗೆಯ ವಿಷಯ ಬೇಡ.

ನಿನ್ನ ತಮ್ಮ


ಆಗಸ್ಟ್ 13

ಮರಿ,

ನಿನ್ನ ಕಾಗದವನ್ನು ಊಟದ ಬಿಡುವಿನಲ್ಲಿ, ಮಾಂಸದ ಕಾರ್ಖಾನೆಯಲ್ಲೇ, ಎಲುಬು ಕೊಯ್ಯುವ ಗರಗಸದ ಪಕ್ಕ ಕೂತು ಓದಿದೆ. “ಏನಮ್ಮಾ, ಲವ್ ಲೆಟರಾ?” ಅಂದರು ಮೇಸ್ತ್ರಿ. “ಹೂಂ, ಹುಡುಗ ಸುತ್ತಿಗೆ ಹಿಡ್ಕೊಂಡು ಬರೆದಿದಾನೆ” ಅಂದೆ. ಅಮ್ಮನಿಗೆ ಫೋನ್ ಬಕೆಟ್ಟಿಗೆ ಬಿತ್ತು ಅಂತ ಹೇಳಿದ್ದೇನೆ. ಒಂದು ಪಾಪ ನಿನ್ನ ಖಾತೆಗೆ ಬರೆದುಕೋ.

ಇಲ್ಲಿ ಎಲ್ಲ ಎಂದಿನಂತೆ. ಸೋಮವಾರ ಹೊಸಬನೊಬ್ಬ ಗರಗಸ ನಿಲ್ಲಿಸದೆ ಚೂರು ತೆಗೆಯಲು ಹೋಗಿ ಎರಡು ಬೆರಳು ಕಳೆದುಕೊಂಡ. ಬೆರಳು ಹುಡುಕಲು ಹೋದರೆ, ಮೂಳೆ ಚೂರುಗಳ ಬುಟ್ಟಿಯಲ್ಲಿ ಯಾವುದು ದನದ್ದು ಯಾವುದು ಅವನದ್ದು ಅಂತ ತಿಳಿಯಲೇ ಇಲ್ಲ. ಉಗುರು ಕಂಡ ಮೇಲೆ ತಿಳಿಯಿತು. ನಾನೇ ಹುಡುಕಿದ್ದು. ಐಸ್ ಹಾಕಿ ಕಳಿಸಿದೆ. ಕೂಡಲಿಲ್ಲವಂತೆ.

ನಾನೂ ಚರ್ಚಿಗೆ ಹೋಗುವವಳೇ, ಹಿಂದಿನ ಬೆಂಚಿನಲ್ಲಾದರೂ. ಕೊನೆಯ ಕಾಲ ಇಲ್ಲ ಅನ್ನುವುದಿಲ್ಲ, ಮೋಸಗಾರರು ಬರುವುದಿಲ್ಲ ಅನ್ನುವುದಿಲ್ಲ. ಆದರೆ ನನ್ನ ಕೆಲಸದ ಮಾತು ಒಂದು ಹೇಳುತ್ತೇನೆ. ಮಾಂಸ ತಪಾಸಣೆಯ ಇನ್‌ಸ್ಪೆಕ್ಟರ್ ನೀಲಿ ಸೀಲ್ ಒತ್ತಿದ ದನದ ತೊಡೆ ಬರುತ್ತದೆ. ಮೇಲೆ ನೋಡಿದರೆ ಕೆಂಪಗೆ ಹೊಳೆಯುತ್ತಿರುತ್ತದೆ. ನಾನು ಸೀಲ್ ನೋಡುವುದಿಲ್ಲ. ಎಲುಬಿನ ತನಕ ಕತ್ತಿ ಇಳಿಸಿ, ಎಳೆದು, ಕತ್ತಿಯನ್ನು ಮೂಸುತ್ತೇನೆ. ಕೊಳೆಯುವುದು ಎಲುಬಿನ ಪಕ್ಕದಿಂದ ಶುರು.

ನಿನ್ನ ಜರಡಿ ಅಣ್ಣನನ್ನು ಒಂದು ಮಾತು ಕೇಳು. ಕಾಳು ಸರಿ. ಜರಡಿಯಲ್ಲಿ ಉಳಿದದ್ದನ್ನು ಏನು ಮಾಡುತ್ತಾನೆ?

ತುಟಿಗೆ ಹೊಲಿಗೆ ಹಾಕಿಸಿಕೊಂಡೆಯಾ? ಭುಜ ನೋಯುತ್ತದೆಯೇ? ತಣ್ಣೀರಲ್ಲಿ ಸ್ನಾನ ಮಾಡಬೇಡ.

ಅಕ್ಕ


ಆಗಸ್ಟ್ 20

ಅಕ್ಕ,

ಜರಡಿ ಅಣ್ಣನನ್ನು ಕತ್ತಿಯ ಹಾಗೆ ಮೂಸಬೇಕಾಗಿಲ್ಲ. ಅವರು ವಾರಕ್ಕೆ ಮೂರು ದಿನ ಉಪವಾಸ ಇರುತ್ತಾರೆ, ನೆಲದ ಮೇಲೆ ಮಲಗುತ್ತಾರೆ.

ಉಳಿದದ್ದನ್ನು ಏನು ಮಾಡುತ್ತಾರೆ ಎಂದು ನೀನು ಕೇಳಿದ್ದೆ. ಹೇಳುತ್ತೇನೆ, ಮುಚ್ಚಿಡಲು ಏನಿದೆ? ಎಲ್ಲ ಆತ್ಮವನ್ನೂ ನಂಬಬಾರದು, ಪರೀಕ್ಷಿಸಬೇಕು. ಬಾಯ್ಲರ್ ರೂಮಿನ ಕಬ್ಬಿಣದ ಜಾಲರಿಯ ಮೇಲೆ ಮಂಡಿಯೂರಬೇಕು. ಅಣ್ಣ ಗಂಟಲ ಮೇಲೆ ಹೆಬ್ಬೆರಳಿಡುತ್ತಾರೆ. ಒಂದು ವಾಕ್ಯವನ್ನು ಒಂದೇ ಉಸಿರಿನಲ್ಲಿ ಹೇಳಬೇಕು: ಯೇಸು ನಮ್ಮ ಹಾಗೆ ಮೈ ಹೊತ್ತು ಬಂದನು. ಮೋಸದ ಆತ್ಮಕ್ಕೆ ಈ ಮಾತು ಆಗುವುದಿಲ್ಲ. ಅದು ನಡುವೆ ತಡೆಯುತ್ತದೆ, ನುಂಗುತ್ತದೆ, ನಗಿಸುತ್ತದೆ. ತಡೆದರೆ ಬೆಲ್ಟ್, ಅದು ಬಿಟ್ಟು ಹೋಗುವ ತನಕ. ಪಾಸಾದವನ ಕೈಗೆ ಬೆಲ್ಟ್ ಬರುತ್ತದೆ, ಮುಂದಿನವನಿಗೆ ಅವನೇ ಹೊಡೆಯಬೇಕು. ಏಟು ಹುಡುಗನಿಗಲ್ಲ, ಒಳಗಿರುವುದಕ್ಕೆ.

ನಾನು ಮಾತಾಡದವನಾದ್ದರಿಂದ ನನಗೆ ನೋಟ್‌ಬುಕ್ ಕೊಟ್ಟಿದ್ದಾರೆ. ಯಾರು, ಯಾವ ಶಬ್ದಕ್ಕೆ ತಡೆದರು, ಎಷ್ಟು ಏಟಿಗೆ ಬಿಡುಗಡೆಯಾಯಿತು, ಎಲ್ಲ ಬರೆಯುತ್ತೇನೆ. ನೆಗಡಿಯಾಗಿದ್ದ ಒಬ್ಬ ನಡುವೆ ಕೆಮ್ಮಿದ. ಇಪ್ಪತ್ತೆರಡು. ಬೆನ್ನಿನ ಅಂಗಿ ಚರ್ಮಕ್ಕೆ ಅಂಟಿಕೊಂಡಿತ್ತು, ನೀರು ಹಾಕಿ ಬಿಡಿಸಿದೆವು. ಆಮೇಲೆ ಅವನೇ ನಮ್ಮನ್ನು ತಬ್ಬಿಕೊಂಡು ಥ್ಯಾಂಕ್ಸ್ ಎಂದ. ಇದಕ್ಕೆ ಏನನ್ನುತ್ತೀಯ?

ಸೆಪ್ಟೆಂಬರ್ ನಡುವಿನಲ್ಲಿ ನನ್ನ ಹರಕೆ ಬಿಡಿಸಿ ನನ್ನನ್ನೂ ಪರೀಕ್ಷಿಸುತ್ತಾರಂತೆ. ನನಗೆ ನಿದ್ದೆ ಇಲ್ಲ ಅಕ್ಕ. “ಮೈ” ಎನ್ನಲು ತುಟಿ ಮುಚ್ಚಬೇಕು. “ಬಂದನು” ಎನ್ನಲು ಮುಚ್ಚಬೇಕು. ಕನ್ನಡಿಯ ಮುಂದೆ ದಿನಕ್ಕೆ ನೂರು ಸಲ ಪ್ರಾಕ್ಟೀಸ್ ಮಾಡುತ್ತೇನೆ. ನನ್ನ ತೊದಲು ತೊದಲೇ ಅಲ್ಲದಿದ್ದರೆ? ಅದು ಬೇರೆ ಏನೋ ಆಗಿದ್ದರೆ?

ಕೇಳಬಾರದು, ಆದರೂ ಕೇಳುತ್ತೇನೆ. ಏಳು ವರ್ಷಕ್ಕೇ ನನ್ನನ್ನು ಹಾಸ್ಟೆಲ್ಲಿಗೆ ಹಾಕಿದಿರಿ. ಅಪ್ಪ ಸಾಯುವ ತನಕ ನನ್ನನ್ನು ಮುಟ್ಟಿ ಮಾತಾಡಿಸಲಿಲ್ಲ. ಬಂದರೆ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಗೇಟಿನ ಹತ್ತಿರವೇ ನಿಲ್ಲುತ್ತಿದ್ದರು. ನಾಲ್ಕು ಜನರ ಮುಂದೆ ಬ-ಬ-ಬ ಎನ್ನುವ ಮಗ ಬೇಡವಾಗಿದ್ದ, ಅಷ್ಟೇ ತಾನೇ? ಹೇಳಿಬಿಡು. ನಾನೇನೂ ಅಳುವುದಿಲ್ಲ. ಇಲ್ಲಿ ಮೊದಲ ಸಲ ಯಾರೋ ನನ್ನನ್ನು ಬೇಕು ಎಂದಿದ್ದಾರೆ.

ತಮ್ಮ


ಆಗಸ್ಟ್ 26

ಮರಿ,

ನಿನ್ನ ಕಾಗದ ಸೇರಿತು. ಗರಗಸದ ಬ್ಲೇಡ್ ತುಂಡಾಗಿ ಎರಡು ಪಾಳಿಯ ಕೆಲಸ ಒಂದೇ ಪಾಳಿಯಲ್ಲಿ ಮಾಡುತ್ತಿದ್ದೇವೆ. ಅಮ್ಮನ ಮಂಡಿ ಊದಿದೆ. ನಿನ್ನ ಮಂಚಕ್ಕೆ ಹೊಸ ಹಗ್ಗ ಬಿಗಿಸಿದ್ದೇನೆ.

ನೀನು ಕೇಳಿದ್ದಕ್ಕೆ ರಜೆಯಲ್ಲಿ ಬಾ, ಕೂತು ಮಾತಾಡೋಣ. ಕಾಗದದಲ್ಲಿ ಬರೆಯುವಂಥದ್ದೇನೂ ಇಲ್ಲ. ನಿನ್ನ ಓದಿಗೆ ಒಳ್ಳೆಯದೆಂದು ಹಾಸ್ಟೆಲ್ಲಿಗೆ ಹಾಕಿದ್ದು.

ಆ ಬಾಯ್ಲರ್ ರೂಮಿಗೆ ಹೋಗಬೇಡ. ನಾನು ಹೇಳುತ್ತಿದ್ದೇನೆ, ಹೋಗಬೇಡ.

ಅಕ್ಕ


ಸೆಪ್ಟೆಂಬರ್ 1

ಅಕ್ಕ,

ಕಾಗದದಲ್ಲಿ ಬರೆಯುವಂಥದ್ದು ಇಲ್ಲದಿದ್ದರೆ ಬೇಡ.

ನಾನು ಚೆನ್ನಾಗಿದ್ದೇನೆ. ಕೆಮಿಸ್ಟ್ರಿ ವೈವಾ ಮುಂದಕ್ಕೆ ಹೋಗಿದೆ, ದೇವರು ದೊಡ್ಡವನು. ಗೊರಕೆ ಮೆಟ್ಟಿಲಿಂದ ಬಿದ್ದ. ಬಲಗೈ ಮುರಿದಿದೆ, ಪ್ಲಾಸ್ಟರ್ ಹಾಕಿದ್ದಾರೆ. ಮುಖಕ್ಕೂ ಪೆಟ್ಟಾಗಿದೆ. ಅವನು ಬೇರೆ ರೂಮಿಗೆ ಹೋಗಿದ್ದಾನೆ. ರೂಮು ತುಂಬ ಶಾಂತವಾಗಿದೆ. ಒಬ್ಬನೇ ಇದ್ದೇನೆ.

ಪರೀಕ್ಷೆ ಹದಿನಾಲ್ಕಕ್ಕೆ. ಪ್ರಾರ್ಥನೆ ಮಾಡು.

ತಮ್ಮ


ಸೆಪ್ಟೆಂಬರ್ 6

ತಮ್ಮಾ,

ಮೆಟ್ಟಿಲಿಂದ ಬಿದ್ದ ಎಂದು ಬರೆದಿದ್ದೀಯ. ಆ ಮಾತು ನನ್ನದು. ನಿನ್ನ ಕುತ್ತಿಗೆಯ ಕೆಳಗೆ, ಎಡ ಭುಜದ ಹತ್ತಿರ ಮೂಳೆಯ ಗಂಟಿದೆಯಲ್ಲ, ಅದು ಹೇಗಾಯಿತು ಎಂದು ನೀನು ಕೇಳಿದಾಗಲೆಲ್ಲ ನಾನು ಹೇಳಿದ್ದು ಅದನ್ನೇ. ನಮ್ಮ ಮನೆಗೆ ಮೆಟ್ಟಿಲೇ ಇರಲಿಲ್ಲ ಮರಿ. ನೀನು ಯಾವತ್ತೂ ಅದನ್ನು ಯೋಚಿಸಲಿಲ್ಲ.

ಬರೆಯುತ್ತೇನೆ. ಅಮ್ಮ ಒಳಗಿದ್ದಾಳೆ.

ನಿನಗೆ ಆರು ವರ್ಷ. ಮಾತು ಬರುವುದು ತಡವಾಯಿತು, ಬಂದದ್ದು ತೊದಲಾಗಿ ಬಂತು. “ಅಕ್ಕ” ಒಂದು ಸಲೀಸು. “ಅಪ್ಪ” ಅನ್ನಲು ಹೋದರೆ ಮುಖ ನೀಲಿಯಾಗುತ್ತಿತ್ತು. ಆಗ ಒಬ್ಬ ಉಪದೇಶಿ ಬಂದ. ಬಿಳಿ ಅಂಗಿ, ಮೆತ್ತಗೆ ಮಾತು. ಕಾಲ ಮುಗಿಯುತ್ತಿದೆ, ಮಕ್ಕಳೊಳಗೂ ಮೋಸ ಹೊಕ್ಕಿದೆ, ತಂದೆಯ ಹೆಸರನ್ನೇ ಅನ್ನಲಾಗದ ನಾಲಗೆ ಯಾರದು ನೋಡಿಕೊಳ್ಳಿ ಎಂದ. ಅಪ್ಪ ನಂಬಿದರು. ಕೆಟ್ಟವರಾಗಿ ಅಲ್ಲ, ಹೆದರಿ.

ಮೂರು ದಿನ ನಿನಗೆ ಊಟ ಹಾಕಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಉಪದೇಶಿ ಒದ್ದೆ ಹಗ್ಗದಿಂದ ಹೊಡೆದ. “ಅಪ್ಪ ಅನ್ನು, ಅಪ್ಪ ಅನ್ನು.” ನೀನು ಅನ್ನಲು ಒದ್ದಾಡಿದಷ್ಟೂ ಅದು ಒದ್ದಾಡುತ್ತಿದೆ ಎಂದ ಅವನು. ನಿನ್ನ ಎರಡು ಕಾಲನ್ನೂ ಹಿಡಿದುಕೊಂಡಿದ್ದು ಅಪ್ಪ. ಆಮೇಲೆ ಆ ಉಪದೇಶಿ ಮಂಡಿಯಿಂದ ನಿನ್ನ ಭುಜ ಅದುಮಿದ. ಒಣಕಡ್ಡಿ ಮುರಿದ ಹಾಗೆ ಸದ್ದಾಯಿತು. ದಿನಕ್ಕೆ ಮುನ್ನೂರು ಎಲುಬು ಕೊಯ್ಯುತ್ತೇನೆ, ಇವತ್ತಿಗೂ ಆ ಸದ್ದು ಬೇರೆ.

ನನಗೆ ಹದಿನೈದು. ಅಡುಗೆಮನೆಯಿಂದ ಚೂರಿ ತಂದು ಅವನಿಗೆ ಬೀಸಿದೆ. ಕುತ್ತಿಗೆಗೆ ಬೀಸಿದ್ದು, ಕಿವಿ ಹೋಯಿತು. ಪೂರ್ತಿ ಕಿವಿ. ಚಾಪೆಯ ಮೇಲೆ ಬಿದ್ದಿತ್ತು. ಎಂಟು ತಿಂಗಳು ಚಿಕ್ಕಮ್ಮನ ಮನೆಯಲ್ಲಿದ್ದೆ ಅಂತ ನಿನಗೆ ಹೇಳಿದರಲ್ಲ, ನಾನಿದ್ದದ್ದು ಹುಡುಗಿಯರ ಸುಧಾರಣಾ ಮಂದಿರದಲ್ಲಿ. ನೀನು ಜ್ವರದಿಂದ ಎದ್ದಾಗ ನಿನಗೆ ಇದ್ಯಾವುದೂ ನೆನಪಿರಲಿಲ್ಲವಂತೆ.

ಅವನ ಕಡೆಯವರು ಮತ್ತೆ ಬಂದಾರು ಎಂದು ನಿನ್ನನ್ನು ದೂರದ ಹಾಸ್ಟೆಲ್ಲಿಗೆ ಹಾಕಿದ್ದು. ನಾಚಿಕೆಗಲ್ಲ. ಅಪ್ಪ ನಿನ್ನನ್ನು ಮುಟ್ಟುತ್ತಿರಲಿಲ್ಲ, ನಿಜ. “ಈ ಕೈಯಲ್ಲಿ ಮುಟ್ಟಲಾ?” ಎಂದು ಒಂದೇ ಸಲ ನನ್ನನ್ನು ಕೇಳಿದ್ದರು. ನಾನು ಬೇಡ ಅಂದುಬಿಟ್ಟೆ. ಆ ತಪ್ಪು ನನ್ನದು.

ನಿನ್ನದು ತೊದಲು. ತೊದಲು ಮಾತ್ರ. ಸಾಯುವವರೆಗೂ ತೊದಲು, ಆಗಲಿ ಬಿಡು. ಈಗ ಗೊರಕೆಗೆ ಏನಾಯಿತು, ಅವನ ಕಾಲು ಹಿಡಿದವರು ಯಾರು, ಬರಿ.

ಅಕ್ಕ


ಸೆಪ್ಟೆಂಬರ್ 13

ಮರಿ,

ಉತ್ತರ ಇಲ್ಲ. ಹಾಸ್ಟೆಲ್ ಆಫೀಸಿನಲ್ಲಿ ಯಾರೂ ಫೋನ್ ಎತ್ತುತ್ತಿಲ್ಲ. ಅಡ್ಮಿಶನ್ ದಿನ ಬರೆದುಕೊಂಡಿದ್ದ ಗೊರಕೆಯ ನಂಬರಿಗೆ ಇವತ್ತು ಫೋನ್ ಮಾಡಿದೆ. “ಮೆಟ್ಟಿಲಿಂದ ಬಿದ್ದೆ ಅಕ್ಕಾ” ಎಂದ, ನಿನ್ನದೇ ಮಾತಿನಲ್ಲಿ. ನಾನು ನಿನಗೆ ಬರೆದದ್ದನ್ನೆಲ್ಲ, ನಾಳೆ ನಿನ್ನ ಪರೀಕ್ಷೆ ಎಂಬುದನ್ನೂ ಅವನಿಗೆ ಹೇಳಿದೆ. ಪೂರ್ತಿ ಕೇಳಿ ಫೋನ್ ಇಟ್ಟುಬಿಟ್ಟ.

ನಾಳೆ ಭಾನುವಾರ, ಬಸ್ಸಿಲ್ಲ. ಸೋಮವಾರದ ಮೊದಲ ಬಸ್ಸಿಗೆ ಹೊರಡುತ್ತೇನೆ. ಈ ಕಾಗದಕ್ಕಿಂತ ಮೊದಲು ನಾನೇ ಬಂದರೂ ಬಂದೆ.

ಅಕ್ಕ


ನವೆಂಬರ್ 2

ಅಕ್ಕ,

ನೀನು ಬಂದು ಆಸ್ಪತ್ರೆಯ ಸ್ಟೂಲಿನ ಮೇಲೆ ಐದು ದಿನ ಕೂತಿದ್ದಾಗ ನನ್ನ ದವಡೆಗೆ ತಂತಿ ಬಿಗಿದಿತ್ತು. ನೀನೂ ಕೇಳಲಿಲ್ಲ. ಸ್ಟ್ರಾ ಹಿಡಿದು ಗಂಜಿ ಕುಡಿಸಿದೆ, ಹೋದೆ. ಈಗ ತಂತಿ ತೆಗೆದಿದ್ದಾರೆ. ಎಡಗೈಯಲ್ಲಿ ಬರೆಯುತ್ತಿದ್ದೇನೆ, ಕೋಳಿ ಕೆರೆದ ಹಾಗಿದ್ದರೆ ಅಡ್ಜಸ್ಟ್ ಮಾಡಿಕೋ.

ನೀನು ಕೇಳಿದ್ದಕ್ಕೆ ಮೊದಲು ಉತ್ತರ. ಗೊರಕೆಯ ಕಾಲು ಹಿಡಿದವನು ನಾನು.

ಅವನು ತಮಾಷೆಗೆ ಬಾಯ್ಲರ್ ರೂಮಿಗೆ ಬಂದಿದ್ದ. ವಾಕ್ಯದ ನಡುವೆ ನಗು ಬಂತು, ಅವನಿಗೆ ಎಲ್ಲದಕ್ಕೂ ನಗು. ನಲವತ್ತೊಂದು ಏಟು. ಕೈ ಅಡ್ಡ ಹಿಡಿದ ಎಂದು ಅವನ ಕೈಯನ್ನು ಪೈಪಿಗೆ ಒತ್ತಿ ಮುರಿದರು. “ನಿನ್ನ ರೂಮಲ್ಲಿ ಇನ್ಯಾರಿಗೆ ಇದೆ, ಹೇಳು, ಬಿಡ್ತೀನಿ” ಎಂದು ಜರಡಿ ಕೇಳಿದ. ನನ್ನ ಮಾತು ಕೇಳಿದ್ದವನು ಅವನೊಬ್ಬನೇ. ಅವನು ಬಾಯಿ ತುಂಬ ರಕ್ತ ಇಟ್ಟುಕೊಂಡು ನನ್ನನ್ನು ನೋಡಿದ. “ಯಾರಿಗೂ ಇಲ್ಲ” ಎಂದ. ನಾನು ಅವನ ಕಾಲು ಬಿಡಲಿಲ್ಲ ಅಕ್ಕ. ಆಮೇಲೆ ನೋಟ್‌ಬುಕ್ಕಿನಲ್ಲಿ ನಲವತ್ತೊಂದು ಎಂದು ಬರೆದೆ.

ಇನ್ನೊಂದು. ಆಗಸ್ಟ್ ಕೊನೆಯಿಂದ ಮನೆಯ ಕಾಗದಗಳೆಲ್ಲ ಮೊದಲು ಜರಡಿಯ ಕೈಗೆ ಹೋಗಬೇಕೆಂಬ ನಿಯಮವಾಗಿತ್ತು. ನಿನಗೆ ಬರೆಯಲಿಲ್ಲ, ನೀನು ಬೈಯುತ್ತೀಯ ಎಂದು. ನಿನ್ನ ಆರನೇ ತಾರೀಕಿನ ಕಾಗದ ನನಗೆ ಸಿಕ್ಕಲೇ ಇಲ್ಲ. ಹದಿನಾಲ್ಕರ ಮಧ್ಯಾಹ್ನ, ಜಾಲರಿಯ ಮೇಲೆ ನಾನು ಮಂಡಿಯೂರಿದ ಮೇಲೆ, ಅವನು ಅದನ್ನು ಜೇಬಿನಿಂದ ತೆಗೆದು ಎಲ್ಲರ ಮುಂದೆ ಓದಿದ. ಒಂದು ಕಡೆಯೂ ತಡೆಯದೆ, ಎಷ್ಟು ಸ್ಪಷ್ಟವಾಗಿ ಓದಿದ! ಒದ್ದೆ ಹಗ್ಗ, ಅಪ್ಪನ ಕೈ, ಚಾಪೆಯ ಮೇಲಿನ ಕಿವಿ. ನನ್ನ ಕಥೆಯನ್ನು ನಾನು ಮೊದಲ ಸಲ ಕೇಳಿದ್ದು ಅವನ ಬಾಯಿಂದ. “ನೋಡಿ, ಹನ್ನೆರಡು ವರ್ಷದ ಹಿಂದೇನೇ ಗುರುತು ಹಿಡಿದಿದ್ರು. ಕೆಲಸ ಅರ್ಧಕ್ಕೆ ಬಿಟ್ಟಿದಾರೆ” ಎಂದು ಮಡಿಸಿ ಇಟ್ಟ.

ಇದನ್ನು ಹೇಳಬಾರದು ಅಂತಿದ್ದೆ. ನಿನ್ನ ಕಾಗದವೇ ನನ್ನನ್ನು ಹಿಡಿದುಕೊಟ್ಟಿತು ಎಂದು ನೀನು ತಲೆ ಚಚ್ಚಿಕೊಳ್ಳುತ್ತೀಯ. ಚಚ್ಚಿಕೊಳ್ಳಬೇಡ. ಆ ಕಾಗದ ಕೇಳದಿದ್ದರೆ ನಾನು ಹಾಡಿಬಿಡುತ್ತಿದ್ದೆ. ಅದೇ ನನ್ನ ಪ್ಲಾನ್ ಆಗಿತ್ತು. ವಾಕ್ಯಕ್ಕೊಂದು ರಾಗ ಕಟ್ಟಿ ವಾರವಿಡೀ ಪ್ರಾಕ್ಟೀಸ್ ಮಾಡಿದ್ದೆ. ಹಾಡಿದ್ದರೆ ಪಾಸು. ಪಾಸಾದವನ ಕೈಗೆ ಬೆಲ್ಟ್. ಮೋಸಗಾರರನ್ನು ಹುಡುಕುವ ಆ ರೂಮಿನಲ್ಲಿ ನಿಜವಾದ ಮೋಸ ನಾನೊಬ್ಬನೇ ಮಾಡುತ್ತಿದ್ದೆ, ನನಗೆ ಯಾರೂ ಹೊಡೆದಿರಲಿಲ್ಲ.

ಹಾಡಲಿಲ್ಲ. ಮಾತಾಡಿದೆ.

“ಯೇಸು” ಸಲೀಸಾಗಿ ಬಂತು. “ನಮ್ಮ” ಎನ್ನುವಲ್ಲಿ ತುಟಿ ಮುಚ್ಚಿತು. ಮೊದಲ ಏಟು ಕಿವಿಗೆ. ಬರೆದು ಬರೆದು ಅಭ್ಯಾಸ ನೋಡು, ಎಣಿಸಿದೆ. ನಾಲ್ಕಕ್ಕೆ “ನಮ್ಮ” ಬಂತು. “ಮೈ”ಗೆ ಹನ್ನೊಂದು. ಬಕಲ್ ಇರುವ ತುದಿಯಿಂದ ಹೊಡೆದಾಗ ದವಡೆ ಒಳಗಡೆ ಕಳಚಿತು, ಹಲ್ಲಿನ ಚೂರು ನಾಲಗೆಗೆ ಸಿಕ್ಕಿತು. ಬಲಗೈ ಊರಿದೆ, ಜರಡಿ ಅದರ ಮೇಲೆ ಬೂಟು ಇಟ್ಟು ತಿರುವಿದ. ಬೆರಳು ಒಂದೊಂದಾಗಿ ಲಟಕ್ ಎಂದವು. ಅಕ್ಕ, ಆಗ ಒಂದು ವಿಷಯ ಸ್ಪಷ್ಟವಾಗಿ ಗೊತ್ತಾಯಿತು. ನಾನು ಹೇಳುತ್ತಿದ್ದ ವಾಕ್ಯ ಸುಳ್ಳಲ್ಲ. ಯೇಸು ಬಂದದ್ದು ಹೊಡೆದರೆ ಮುರಿಯುವ ಇಂಥದೇ ಮೈ ಹೊತ್ತು. ಅದನ್ನು ನಂಬುವವನು ಈ ಮೈಗೆ ಹೀಗೆ ಹೊಡೆಯುವುದಿಲ್ಲ. ಎಲುಬಿನ ಪಕ್ಕದ ವಾಸನೆ ಅಂದಿದ್ದೆಯಲ್ಲ, ಅದು.

ಇಪ್ಪತ್ತೇಳನೇ ಏಟಿಗೆ “ಬಂದನು” ಎಂದೆ. ಮುಗಿಸಿದೆ. ಪೂರ್ತಿ ವಾಕ್ಯ.

“ಒಂದೇ ಉಸಿರು ಅಂದಿದ್ದೆ. ಇದು ಲೆಕ್ಕಕ್ಕಿಲ್ಲ” ಎಂದು ಜರಡಿ ನನ್ನ ಭುಜದ ಹಳೇ ಗಂಟಿನ ಮೇಲೆಯೇ ಮಂಡಿಯಿಟ್ಟ. ಕೆಮ್ಮಿನ ಹುಡುಗ ಮೂಲೆಯಲ್ಲಿ ವಾಂತಿ ಮಾಡುತ್ತಿದ್ದ. ಅಷ್ಟರಲ್ಲಿ ಬಾಗಿಲು ಮುರಿಯಿತು. ಗೊರಕೆ, ಅವನ ಹಿಂದೆ ಗೇಟಿನವರು, ಅಡುಗೆಯವರು ಇಬ್ಬರು. ಗೊರಕೆ ಪ್ಲಾಸ್ಟರ್ ಹಾಕಿದ ಕೈಯನ್ನೇ ಎತ್ತಿ ಜರಡಿಯ ಮೂಗಿನ ಮೇಲೆ ಇಳಿಸಿದ. ಮೂಗೂ ಮುರಿಯಿತು, ಪ್ಲಾಸ್ಟರೂ ಒಡೆಯಿತು, ಒಳಗೆ ಕೈ ಇನ್ನೊಂದು ಸಲ ಮುರಿಯಿತು.

ಗೊರಕೆ ಈಗ ಪಕ್ಕದ ವಾರ್ಡಿನಲ್ಲಿದ್ದಾನೆ, ಮೂಳೆಗೆ ಎರಡನೇ ಆಪರೇಷನ್. ನಿನ್ನೆ ಅವನ ಹತ್ತಿರ ಹೋಗಿ ಕ್ಷಮೆ ಕೇಳಲು ಶುರು ಮಾಡಿದೆ. ತುಂಬ ಹೊತ್ತು ಹಿಡಿಯಿತು. “ಆ ದಿನ ಕಾಲು ಹಿಡಿದಾಗಲೇ ಕೇಳಬಹುದಿತ್ತಲ್ಲೋ, ಎರಡು ಸಲ ಯಾಕೆ ತೊಂದ್ರೆ” ಎಂದು ನಕ್ಕ. ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದ. ಕ್ಷಮಿಸಿದ್ದಾನೋ ಇಲ್ಲವೋ ಗೊತ್ತಾಗಲಿಲ್ಲ. ಗೊರಕೆಯ ಸದ್ದು ಬರಲಿಲ್ಲ, ಎಚ್ಚರವಾಗೇ ಇದ್ದ.

ಇವತ್ತು ಬೆಳಿಗ್ಗೆ ಪೊಲೀಸರು ಹೇಳಿಕೆಗೆ ಬಂದಿದ್ದರು. ಜರಡಿಯನ್ನು ಹಿಡಿದಿದ್ದಾರೆ, ಆದರೆ ಉಳಿದ ಹುಡುಗರು ಯಾರೂ ಬಾಯಿ ಬಿಡುತ್ತಿಲ್ಲ, ಎಲ್ಲರೂ ಮೆಟ್ಟಿಲಿಂದ ಬಿದ್ದವರೇ. ಆ ದಿನ ನನ್ನ ಜೇಬಿನಲ್ಲೇ ಉಳಿದಿದ್ದ ನೋಟ್‌ಬುಕ್ ಅವರ ಮುಂದಿಟ್ಟೆ. ನನಗೆ ಮಾತು ಕಷ್ಟ ಎಂದು ನರ್ಸ್ ಹೇಳಿದ್ದರಿಂದ ಹೆಡ್ ಕಾನ್‌ಸ್ಟೆಬಲ್ ಕಾಗದ ಚಾಚಿ, “ಬರೆದೇ ಕೊಡಪ್ಪಾ, ಪರವಾಗಿಲ್ಲ” ಎಂದರು. ನಾನು ಹೇಳುತ್ತೇನೆ ಎಂದೆ. “ಸರಿ ಹೇಳು. ನನ್ನ ಬರವಣಿಗೇನೂ ನಿಧಾನಾನೇ” ಎಂದು ಟೋಪಿ ತೆಗೆದಿಟ್ಟು ಕೂತರು.

ಎರಡೂವರೆ ಗಂಟೆ. ನಾನು ಕಾಲು ಹಿಡಿದದ್ದನ್ನೂ ಹೇಳಿದೆ. ಅದಕ್ಕೆ ನನ್ನ ಮೇಲೂ ಕೇಸ್ ಆಗಬಹುದಂತೆ. ಆಗಲಿ. ತಡೆದಾಗಲೆಲ್ಲ ಅವರು ಪೆನ್ ಎತ್ತಿ ಹಿಡಿದು ಕಾಯುತ್ತಿದ್ದರು. ಒಂದು ಸಲವೂ ನನ್ನ ಶಬ್ದವನ್ನು ಅವರು ಮುಗಿಸಲಿಲ್ಲ.

ಗೊರಕೆ ಭಾನುವಾರ ತನ್ನ ಫೋನ್ ಕೊಡುತ್ತೇನೆ ಎಂದಿದ್ದಾನೆ. ಸಂಜೆ ಐದಕ್ಕೆ ಮಾಡುತ್ತೇನೆ, ಅಮ್ಮನನ್ನೂ ಪಕ್ಕದಲ್ಲಿ ಕೂರಿಸಿಕೋ. “ಅಕ್ಕ” ಎನ್ನುವುದು ಕೂಡಲೇ ಬರುತ್ತದೆ, ನಿನಗೆ ಗೊತ್ತು. ಆಮೇಲೆ ಅಮ್ಮನನ್ನು ಕರೆಯುತ್ತೇನೆ. ಆಗ ಏನೂ ಕೇಳಿಸದಿದ್ದರೆ ಲೈನ್ ಹೋಯಿತು ಎಂದು ಇಟ್ಟುಬಿಡಬೇಡ. ನಾನು ಅಲ್ಲೇ ಇರುತ್ತೇನೆ.

ತಮ್ಮ